ಹನ್ನೆರಡು ಕೋಲು, ಎಂಟು ಕೋಲು

"ಇದ್ ಗಣಪನ ಮನಿ ಅಲ್ಲ."

ರಾಜೀವಿ ಹಳದಿ ಹಾಳೆಯನ್ನು ಪಂಚಾಯ್ತಿ ಕಚೇರಿಯ ಕಿಟಕಿಯ ಬೆಳಕಿಗೆ ಹಿಡಿದು ಅಷ್ಟು ಹೇಳಿದ್ದೇ ತಡ, ಗುಮಾಸ್ತ ಅನೂಪ ಬಾಯಿಗೆ ಒಯ್ದಿದ್ದ ಚಹಾ ಲೋಟವನ್ನು ಹಾಗೆಯೇ ಮೇಜಿನ ಮೇಲಿಟ್ಟ.

"ಹಾಳಿ ಮೇಲೆ ಗಣಪಣ್ಣನ ಅಪ್ಪಯ್ಯನ ಹೆಸ್ರೇ ಇತ್ತಲ್ದಾ ಅಕ್ಕ? ಗುಡ್ಡ ಅಂದೇಳಿ ಬರ್ದಿತ್ತ್ ಕಾಣಿ."

"ಹೆಸ್ರ್ ಇತ್ತ್ ಮಾರಾಯ. ಮನಿ ಇಲ್ಲೆ."

ಹೊಯ್ಗೆಕೋಡಿ ಪಂಚಾಯ್ತಿಯಲ್ಲಿ ಮೂವತ್ತೊಂದು ವರ್ಷ ಬಿಲ್ ಕಲೆಕ್ಟರ್ ಆಗಿದ್ದವಳು ರಾಜೀವಿ. ನಿವೃತ್ತಿಯಾಗಿ ಎರಡು ವರ್ಷ ಕಳೆದರೂ ಮರವಂತೆಯಿಂದ ಬೈಂದೂರಿನವರೆಗೆ ಯಾರ ಕಡತ ಎಲ್ಲಿ ಸಿಕ್ಕಿಬಿದ್ದರೂ ಜನ ಮೊದಲು ಬರುವುದು ಅವಳ ಜಗಲಿಗೆ. ಈ ಸಲ ಸಿಕ್ಕಿಬಿದ್ದದ್ದು ಗಣಪನ ಕಡತ. ಅದರೊಳಗಿನ ಒಂದು ಹಾಳೆಯನ್ನು ಯಾರೋ ಬದಲಾಯಿಸಿದ್ದಾರೆಂಬ ಗುಮಾನಿ ಅವಳಿಗೆ ಹುಟ್ಟಿ ನಾಲ್ಕು ದಿನವಾಗಿತ್ತು.

ಗಣಪನ ಮನೆ ಕಡಲಿಗೆ ತೀರ ಹತ್ತಿರ. ಕಳೆದ ಮಳೆಗಾಲದ ಗಾಳಿಗೆ ಅಡುಗೆಮನೆಯ ಗೋಡೆ ಕುಸಿದು, ಈಗ ಅಲ್ಲಿ ನೀಲಿ ಟಾರ್ಪಾಲು ಪಟಪಟ ಬಡಿಯುತ್ತಿದೆ. ಅಷ್ಟು ಹತ್ತಿರ ಹೊಸ ಮನೆಗೆ ಪರವಾನಗಿ ಸಿಗುವ ಮಾತೇ ಇಲ್ಲ. ಆದರೆ ತೊಂಬತ್ತೊಂದನೇ ಇಸವಿಗೂ ಹಿಂದಿನ ಮನೆ ಎಂದು ತೋರಿಸಿಕೊಟ್ಟರೆ, ಅದೇ ಪಂಚಾಂಗದ ಮೇಲೆ, ಅಂದರೆ ನೆಲದಲ್ಲಿರುವ ಅದೇ ಅಡಿಪಾಯದ ಮೇಲೆ, ಅಷ್ಟೇ ಅಳತೆಯಲ್ಲಿ ಮತ್ತೆ ಎಬ್ಬಿಸಬಹುದು.

ತೋರಿಸಿಕೊಡಲು ಗಣಪನಿಗೆ ಇದ್ದದ್ದು ಒಂದೇ ಹಾಳೆ. ಎಂಬತ್ತೇಳನೇ ಇಸವಿಯಲ್ಲಿ ಮನೆ ತೆರಿಗೆ ಕಟ್ಟಿಸಿಕೊಳ್ಳುವಾಗ ಬರೆದ ಅಳತೆ ಹಾಳೆ. ಆಗ ಇಲ್ಲಿಯ ಗುಮಾಸ್ತರು ಅಡಿ ಲೆಕ್ಕ ಹಿಡಿಯುತ್ತಿರಲಿಲ್ಲ. ಆಚಾರಿ ಹೇಳಿದ ಕೋಲಿನ ಲೆಕ್ಕವನ್ನೇ ಬರೆದುಕೊಳ್ಳುತ್ತಿದ್ದರು. ಒಂದು ಕೋಲು ಎಂದರೆ ಹೆಚ್ಚುಕಡಿಮೆ ಎರಡು ಅಡಿ ನಾಲ್ಕು ಇಂಚು.

ನೆಲದ ಮೇಲಿರುವ ಪಂಚಾಂಗವನ್ನು ರಾಜೀವಿ ಮೊನ್ನೆ ತಾನೇ ಟೇಪು ಹಿಡಿದು ಅಳೆದಿದ್ದಳು. ಹದಿನಾಲ್ಕೂವರೆ ಕೋಲು ಉದ್ದ, ಹನ್ನೊಂದು ಕೋಲು ಅಗಲ.

ಹಾಳೆಯಲ್ಲಿ ಇದ್ದದ್ದು ಹನ್ನೆರಡು ಕೋಲು, ಎಂಟು ಕೋಲು.

ಹಾಗಾದರೆ ಗಣಪ ಹಳೆಯ ಸಣ್ಣ ಮನೆ ಕೆಡವಿ, ಕದ್ದು ದೊಡ್ಡ ಪಂಚಾಂಗ ಹಾಕಿದ್ದಾನೆ ಎಂದು ಅರ್ಥ. ಇದನ್ನೇ ಎತ್ತಿ ಆಡಿ ಯಾರೋ ಬೈಂದೂರಿನ ಕಚೇರಿಗೆ ನೇರವಾಗಿ ಆಕ್ಷೇಪಣೆ ಹಾಕಿದ್ದರು. ಯಾರು ಎಂಬುದು ಪಂಚಾಯ್ತಿಗೂ ಗೊತ್ತಿರಲಿಲ್ಲ. ವಿಚಾರಣೆ ಇವತ್ತು ಮಧ್ಯಾಹ್ನ ಮೂರಕ್ಕೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ದಾಟಿತ್ತು.

"ಕಾಗ್ದ ಹಳೆದೇ ಅಕ್ಕ. ನಾನೂ ಮುಟ್ಟಿ ಕಂಡೆ," ಅನೂಪ ಅಂದ.

"ಹಳೆದಿರ್ದೆ ಎಂತ? ಕಟ್ಟಿನ ಕಡಿಗೆ ಖಾಲಿ ಫಾರಂ ಹತ್ತಿಪ್ಪತ್ತ್ ಕಟ್ಟಿಡುದ್ ಹಿಂದಿನವ್ರ ಅಭ್ಯಾಸ. ಒಂದ್ ಎಳ್ಕಂಡ್ ಬರ್ದ್ರೆ ಮುಗಿತ್. ಕಾಗ್ದ ಬಿಡ್, ಲೆಕ್ಕ ಕಾಣ್. ಹನ್ನೆರಡ್, ಎಂಟ್. ಎಷ್ಟ್ ಚಂದ ಇತ್ತ್ ಅಲ್ದಾ?"

"ಚಂದ ಇದ್ರೆ ತಪ್ಪಾ?"

ರಾಜೀವಿ ಎಂಬತ್ತೇಳರ ಅಳತೆ ಹಾಳೆಗಳ ಕಟ್ಟನ್ನು ಅವನ ಮುಂದೆ ಸರಸರ ತಿರುವಿ ಹಾಕಿದಳು. ಹದಿಮೂರೂಕಾಲು. ಒಂಬತ್ತೂವರೆ. ಹತ್ತೂಮುಕ್ಕಾಲು. ಅದೇ ವರ್ಷದ ನಲವತ್ತು ಮನೆಗಳಲ್ಲಿ ಕಾಲೋ ಅರೆಯೋ ಮುಕ್ಕಾಲೋ ಬಾಲ ಇಲ್ಲದ ಮನೆ ಹುಡುಕಿದರೂ ಸಿಗಲಿಲ್ಲ. ನುಣ್ಣಗೆ ಬೋಳಿಸಿದ ತಲೆಯ ಹಾಗೆ ಕೂತದ್ದು ಗಣಪನ ಹಾಳೆ ಒಂದೇ.

ಯಾಕೆ ಎಂದು ಅವಳಿಗೂ ಗೊತ್ತಿರಲಿಲ್ಲ. ಆದರೆ ಮೂವತ್ತೊಂದು ವರ್ಷ ಮನೆ ಮೆಟ್ಟಿಲು ಹತ್ತಿಳಿದ ಕಾಲುಗಳಿಗೆ ಏನೋ ಗೊತ್ತಾಗಿತ್ತು.

"ಈ ಕಡತ, ಈ ಕಟ್ಟ್ ಹೊರಗ್ ಹೋಯ್ತಾ ಅನೂಪ?"

ಅವನು ನೋಟ್‌ಬುಕ್ಕು ತೆಗೆದ. "ಹೋದ ತಿಂಗ್ಳ್ ಒಂದ್ ಸಲ. ನಮ್ಮ ಮಿಷನ್ ಹಾಳಾಯಿತ್ತ್. ಜೆರಾಕ್ಸ್ ಮಾಡ್ಸುಕೆ ಅರ್ಧ ಗಂಟಿ. ಅರ್ಜಿದಾರರ ಮನಿಯವ್ರ್ ತಕಂಡ್ ಹೋಯ್ರ್. ಆ ದಿನ ನಾನ್ ರಜಿ."

"ಎಲ್ಲಿ ಜೆರಾಕ್ಸ್?"

"ಹೈವೇಯಂಗೆ. ಉಮಾನಾಥ ಶೆಟ್ರ ಬಿಲ್ಡಿಂಗ್ ಇತ್ತಲೆ, ಅದ್ರ ಕೆಳ್ಗೆ."

ರಾಜೀವಿ ಚಪ್ಪಲಿ ಮೆಟ್ಟಿಯಾಗಿತ್ತು. ಉಮಾನಾಥ ಶೆಟ್ಟರ ಹೋಮ್‌ಸ್ಟೇ ಇರುವುದು ಗಣಪನ ಮನೆಗೆ ತಾಗಿಕೊಂಡು. ಆ ಜಾಗ ಕೊಡು ಎಂದು ಅವರು ಗಣಪನನ್ನು ಎರಡು ಸಲ ಕೇಳಿದ್ದು ಊರಿಗೆಲ್ಲ ಗೊತ್ತು.

"ಶೆಟ್ರಲ್ಲಿಗಾ ಅಕ್ಕ?" ಅನೂಪ ಬಾಗಿಲವರೆಗೆ ಓಡಿಬಂದ.

"ಅಲ್ಲ. ಮೊದ್ಲ್ ಆಚಾರ್ರ್ ಹತ್ರ. ಹಾವ್ ಹಿಡುಕೆ ಹೋಪತಿಗೆ ಕೋಲ್ ಬೇಕಲ್ದಾ?"

*

ನಾವುಂದದ ಶೀನಾಚಾರಿಗೆ ಎಂಬತ್ತನಾಲ್ಕು. ಕಣ್ಣು ಮಂಜಾದರೂ ಕೈ ಸುಮ್ಮನೆ ಕೂತಿರಲಿಲ್ಲ. ಜಗಲಿಯಲ್ಲಿ ಕಾಲು ಚಾಚಿ ಹಲಸಿನ ಮಣೆಯೊಂದಕ್ಕೆ ಉಳಿ ಹಿಡಿಯುತ್ತಿದ್ದರು. ರಾಜೀವಿ ಸ್ಕೂಟರು ನಿಲ್ಲಿಸಿ, ಹೆಲ್ಮೆಟ್ಟು ತೆಗೆಯದೆ ಅಂಗಳದಿಂದಲೇ ಕೂಗಿದಳು.

"ಹ್ವಾಯ್ ಆಚಾರ್ರೆ! ಒಂದ್ ಮನಿ ಕಟ್ಟುಕಿತ್ತ್. ಹನ್ನೆರಡ್ ಕೋಲ್ ಉದ್ದ, ಎಂಟ್ ಕೋಲ್ ಅಗ್ಲ. ಹ್ಯಾಂಗಿತ್ತ್?"

ಉಳಿ ನಿಂತಿತು. "ಯಾರಿಗೆ? ಶತ್ರುಗಳಿಗಾ?"

"ಎಂತಕೆ ಹಾಂಗ್ ಕೇಂತ್ರಿ?"

"ಬನ್ನಿ ಅಮ್ಮ, ಕೂಕಣಿ. ಸುತ್ತಳತಿ ಎಷ್ಟಾಯ್ತ್? ನಲ್ವತ್ತ್. ಮೂರ್ರಂಗೆ ಗುಣ್ಸಿ."

"ನೂರಿಪ್ಪತ್ತ್."

"ಎಂಟ್ರಂಗೆ ಭಾಗ್ಸಿ. ಎಷ್ಟ್ ಉಳಿತ್?"

"ಎಂತದೂ ಉಳಿತಿಲ್ಲೆ."

"ಮತ್ತೆ? ಎಂತದೂ ಉಳಿಯದಿದ್ರೆ ಕಾಕಾಯ. ಕಾಕಿ ಬಂದ್ ಕೂಕಂಬ್ ಮನಿ. ಉಂಬವ್ರ್ ಇಲ್ಲೆ, ಪಿಂಡ ತಿಂಬವ್ರ್ ಮಾತ್ರ." ಮುದುಕರು ಮಣೆಯ ಮೇಲಿನ ಹುಡಿಯನ್ನು ಊದಿದರು. "ಪ್ರತಿ ಮನಿಗೂ ಒಂದ್ ಆಯ ಅಂದೇಳಿ ಇರ್ತ್. ಒಂದ್, ಮೂರ್, ಐದ್, ಏಳ್ ಉಳುಕ್. ಸಮ ಉಳಿದ್ರೆ ಯಾವ ಆಚಾರಿಯೂ ಉಳಿ ಮುಟ್ಟುದಿಲ್ಲೆ. ಅದ್ಕೇ ನಾವ್ ಕಾಲ್ ಕೋಲ್, ಅರ್ಧ ಕೋಲ್ ಎಳ್ದ್ ಆಯ ಕೂರ್ಸುದ್."

ರಾಜೀವಿ ಹೆಲ್ಮೆಟ್ಟು ತೆಗೆದು ಜಗಲಿಯ ಅಂಚಿಗೆ ಕೂತಳು. ಆ ಬಾಲಗಳೆಲ್ಲ ಯಾಕೆ ಎಂದು ಈಗ ಗೊತ್ತಾಯಿತು! ಇಷ್ಟು ವರ್ಷ ಕಣ್ಣೆದುರೇ ಇದ್ದ ಲೆಕ್ಕ, ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

"ಹದಿನಾಲ್ಕೂವರೆ, ಹನ್ನೊಂದ್ ಆದ್ರೆ?"

ತುಟಿ ಅಲ್ಲಾಡಿತು. "ಐವತ್ತೊಂದ್... ನೂರೈವತ್ಮೂರ್... ಒಂದ್ ಉಳಿತ್. ಧ್ವಜಾಯ! ರಾಜ ಲಕ್ಷಣ." ಮಂಜುಗಣ್ಣು ಒಮ್ಮೆಲೇ ಅರಳಿತು. "ಹೊಯ್ಗೆಕೋಡಿ ಗುಡ್ಡನ ಮನಿ ಅಲ್ದಾ ಅದ್? ನಾನೇ ಮಾಡಿದ್ದ್! ಆ ಅರ್ಧ ಕೋಲಿಗೆ ಗುಡ್ಡ ನನ್ನೊಟ್ಟಿಗೆ ಮೂರ್ ದಿನ ಜಗಳ ಮಾಡಿದ್ದ. ಕಲ್ಲ್ ದಂಡ, ಕಲ್ಲ್ ದಂಡ ಅಂದೇಳಿ. ನಿನ್ನ ಮಗ ಒಂದಿನ ನನ್ನ ಹೊಗಳ್ತ ಕಾಣ್ ಅಂದಿದ್ದೆ."

"ನಿಮ್ಮ ಬಾಯಿಗೆ ಸಕ್ರಿ ಹಾಕ್ತೆ ಆಚಾರ್ರೆ."

"ಸಕ್ರಿ ಬ್ಯಾಡ, ಶುಗರ್ ಇತ್ತ್. ಬೆಲ್ಲದ್ ಕಾಪಿ ಕುಡ್ಕಂಡ್ ಹೋಯ್ನಿ."

"ಇವತ್ತಲ್ಲ!"

ಅಂಗಳ ದಾಟುವಾಗಲೇ ಲೆಕ್ಕ ಕೂಡಿಬಂತು. ಸುಳ್ಳು ಹಾಳೆ ಬರೆದವರಿಗೆ ಕೋಲು ಗೊತ್ತು, ಆಯ ಗೊತ್ತಿಲ್ಲ. ಕಟ್ಟಿನಲ್ಲಿ ಕೋಲಿನ ಲೆಕ್ಕ ಕಂಡು ಹಾಗೇ ಬರೆದಿದ್ದಾರೆ, ಒಂದು ಮನೆಯನ್ನೂ ಕಟ್ಟಿಸಿ ನೋಡಿದವರಲ್ಲ. ನಲವತ್ತು ವರ್ಷ ಮುಂಬಯಿಯಲ್ಲಿ ಹೋಟೆಲು ನಡೆಸಿ ಬಂದ ಶೆಟ್ಟರಿಗೆ ಆಚಾರಿಯ ಲೆಕ್ಕ ಎಲ್ಲಿಂದ ಗೊತ್ತಿರಬೇಕು?

ಸ್ಕೂಟರಿನ ಕೀಲಿ ತಿರುಗಿಸುವಷ್ಟರಲ್ಲಿ ಫೋನು. ಗಣಪನ ಹೆಂಡತಿ ಚಂದ್ರಮತಿ.

"ಅಕ್ಕಾ, ನಾವ್ ಬೈಂದೂರಿಗೆ ಹೊರಟ್. ಎಂತ ಆಯ್ತ್? ಆತಾ, ಇಲ್ಲ್ಯಾ?"

"ಆತ್ ಮಾರಾಯ್ತಿ! ಹಾಳಿ ಸುಳ್ಳ್ ಅಂದೇಳಿ ಗೊತ್ತಾಯ್ತ್. ಬರ್ದದ್ದ್ ಯಾರ್ ಅಂದೇಳಿ ಅರ್ಧ ಗಂಟಿಯಂಗೆ ಹೇಳ್ತೆ. ಹೆದ್ರಬ್ಯಾಡ."

ಆ ಕಡೆ ಬಸ್ಸಿನ ಹಾರನ್ ಕೇಳಿಸಿತು, ಫೋನು ಕಟ್ಟಾಯಿತು. ಬಸ್ಸು ಬಂದಿರಬೇಕು ಎಂದುಕೊಂಡು ರಾಜೀವಿ ಗಾಡಿ ತಿರುಗಿಸಿದಳು.

*

ಹೋಮ್‌ಸ್ಟೇಯ ಅಂಗಳದಲ್ಲಿ ಉಮಾನಾಥ ಶೆಟ್ಟರು ಕೊಡೆ ಹಿಡಿದು ನಿಂತು ಗೇಟು ಕೀಳಿಸುತ್ತಿದ್ದರು. ಬಿಸಿಲಿಗೆ ಬನಿಯನ್ ಬೆನ್ನಿಗೆ ಅಂಟಿತ್ತು. ಬೇಲಿಯ ಆಚೆ ಗಣಪನ ಮನೆಯ ನೀಲಿ ಟಾರ್ಪಾಲು, ಅದರ ಬದಿಗೆ ಕಡಲು.

"ಅರೇ ರಾಜೀವಕ್ಕ! ಬನ್ನಿ ಬನ್ನಿ. ಟ್ಯಾಕ್ಸ್ ಕಟ್ಟಿ ಆಯ್ತ್ ಮಾರಾಯ್ರೆ, ರಶೀದಿ ಇತ್ತ್."

"ಟ್ಯಾಕ್ಸಿಗ್ ಬಂದದ್ದಲ್ಲ ಶೆಟ್ರೆ. ಒಂದ್ ಸಲಹಿ ಬೇಕಿತ್ತ್. ನನ್ನ ತಂಗಿ ಮಗ್ಳ್ ಬೀಜಾಡಿಯಂಗೆ ಮನಿ ಕಟ್ತ್. ಹನ್ನೆರಡ್ ಕೋಲ್, ಎಂಟ್ ಕೋಲ್ ಅಂದೇಳಿ ಪ್ಲ್ಯಾನ್ ಮಾಡಿತ್. ಚಂದ ಇತ್ತಲ್ದಾ?"

ಹೇಳಿದವಳು ಅವರ ಮುಖವನ್ನೇ ನೋಡಿದಳು. ತಾನೇ ಬರೆದ ಅಂಕಿಯಾದರೆ ಕಣ್ಣು ಒಂದು ಕ್ಷಣ ತಪ್ಪಬೇಕು. ಇಲ್ಲವಾದರೆ ಚಂದ ಇದೆ ಎಂದು ತಲೆ ಆಡಿಸಬೇಕು.

ಶೆಟ್ಟರು ಎರಡನ್ನೂ ಮಾಡಲಿಲ್ಲ. ಕೈಯ ಕೊಡೆ ಜಾರಿತು.

"ಹುಚ್ಚಾ ಅದ್ಕೆ? ನಲ್ವತ್ತ್! ಕಾಕಾಯ! ಇವತ್ತೇ ಫೋನ್ ಮಾಡಿ ನಿಲ್ಸಿ ಅಕ್ಕ! ಯಾವ ಕತ್ತೆ ಇಂಜಿನಿಯರ್ ಅವ?"

ಬೆರಳು ಮಡಚಲಿಲ್ಲ, ತುಟಿ ಅಲ್ಲಾಡಿಸಲಿಲ್ಲ, ಮನುಷ್ಯ ಒಂದೇ ಉಸಿರಿಗೆ ಲೆಕ್ಕ ಹೇಳಿದ್ದ.

"ನಿಮ್ಗೆ ಆಯ ಕಾಂಬುಕೆ ಬತ್ತಾ ಶೆಟ್ರೆ?"

"ಬತ್ತಾ ಅಂದೇಳಿ ಕೇಂತ್ರಿಯಾ? ಅಂಧೇರಿಯಂಗೆ ಹೋಟ್ಲಿನ ಬಾಗ್ಲ್ ಖರಾಯದಂಗೆ ಇದ್ದಿತ್. ಕತ್ತೆ ಆಯ! ಹನ್ನೊಂದ್ ವರ್ಷ ದುಡ್ದ್ ಕತ್ತೆಯೇ ಆದೆ. ಆಮೇಲೆ ನಾನೇ ಕಲ್ತೆ. ಈ ಗೇಟ್ ಕಾಣಿ, ಮೂರ್ನೇ ಸಲ ಕೀಳ್ಸುದ್. ಹೆಂಡ್ತಿ ಬೈತ್, ಮಗ ಪ್ರಖ್ಯಾತ್ ನಗ್ಯಾಡ್ತ."

ಕೆಲಸದವರಲ್ಲೊಬ್ಬ ಮುಖ ತಿರುಗಿಸಿ ನಕ್ಕ. ರಾಜೀವಿಗೆ ನಗು ಬರಲಿಲ್ಲ. ಬೆಳಗಿನಿಂದ ಕಟ್ಟಿಕೊಂಡು ಬಂದ ಗೋಡೆ ಒಂದೇ ನೂಕಿಗೆ ಕುಸಿದಿತ್ತು. ಈ ಮನುಷ್ಯ ಶತ್ರುವಿನ ಹಾಳೆಯಲ್ಲೂ ಕಾಕಾಯ ಬರೆಯುವವನಲ್ಲ. ಸುಳ್ಳು ಬರೆದಿದ್ದರೂ ಆಯ ಕೂಡಿಸಿಯೇ ಬರೆಯುತ್ತಿದ್ದ.

ಅವಳು ಚೀಲದಿಂದ ಹಾಳೆಯ ಜೆರಾಕ್ಸ್ ತೆಗೆದು ನೇರವಾಗಿ ಅವರ ಕೈಗಿಟ್ಟಳು. "ತಂಗಿ ಮಗ್ಳೂ ಇಲ್ಲ, ಬೀಜಾಡಿಯೂ ಇಲ್ಲ. ಇದ್ ಕಾಣಿ. ಇದ್ನ ಬರ್ದದ್ದ್ ನೀವ್ ಅಂದೇಳಿ ಬಂದಿದ್ದೆ."

ಶೆಟ್ಟರು ಓದಿದರು. ಕಿವಿ ಕೆಂಪೇರಿತು.

"ನಾನಾ? ಜಾಗ ಕೇಂಡದ್ದ್ ಹೌದ್. ಕೊಡುದಿಲ್ಲ ಅಂದ, ಬಸ್, ಮುಗಿತ್. ರಾಜೀವಕ್ಕ, ನೀವ್ ಕಾನೂನ್ ಗೊತ್ತಿದ್ದವ್ರ್. ಗಣಪನ ಮನಿ ಹಳೆದಲ್ಲ ಅಂದೇಳಿ ಆರೆ ನಂದ್ ಹಳೆದ್ ಆಪುದ್ ಹ್ಯಾಂಗೆ? ಎರಡೂ ಒಂದೇ ವರ್ಷ ಎದ್ದದ್ದ್, ಒಂದೇ ಆಚಾರಿ. ನನ್ನ ರಿಪೇರಿ ಅರ್ಜಿಯೂ ಬೈಂದೂರಂಗೇ ಕೂಕಂಡಿತ್ತ್. ಅವನ್ದ್ ಬಿದ್ರೆ ನಂದೂ ಬಿತ್ತ್!"

ಅದು ಸರಿ. ಯಾಕೆ ಮೊದಲೇ ಹೊಳೆಯಲಿಲ್ಲ ಎಂದು ರಾಜೀವಿ ತನ್ನನ್ನೇ ಬೈದುಕೊಂಡಳು. ಜಾಗ ಕೇಳಿದವನ ಮೇಲೆ ಗುಮಾನಿ ಪಡುವುದು ಸುಲಭ, ಅಷ್ಟಕ್ಕೇ ಜೋತುಬಿದ್ದಿದ್ದಳು.

"ಹಾಂಗಾರೆ ನಿಮ್ಮಪ್ಪನ ಮನಿ ಹಾಳಿ ನಿಮ್ಮತ್ರ ಇತ್ತಾ? ಎಂಬತ್ತೇಳರದ್ದ್?"

"ಅಸ್ಲ್ ಹಾಳಿ ನನ್ನ ಅರ್ಜಿಯೊಟ್ಟಿಗೆ ಬೈಂದೂರಿಗ್ ಹೋಯಿತ್ತ್. ನಕಲ್ ಇತ್ತ್. ಸೀಲ್ ಹಾಕಿದ್ದ್."

ಒಳಗಿನಿಂದ ಫೈಲು ಬಂತು. ರಾಜೀವಿ ಕನ್ನಡಕ ಏರಿಸಿ ಮೇಲಿಂದ ಕೆಳಗೆ ಓದಿದಳು. ಉದ್ದ, ಅಗಲ, ಹಂಚಿನ ಮಾಡು, ಎರಡು ಬಾಗಿಲು. ಕೆಳಗೆ ಚಕ್ಕುಬಂದಿ: ಮೂಡಣಕ್ಕೆ ರಸ್ತೆ, ಪಡುವಣಕ್ಕೆ ಹೊಯ್ಗೆ, ಬಡಗಣಕ್ಕೆ ತೋಟ. ತೆಂಕಣಕ್ಕೆ ಏನು ಬರೆದಿದೆ ಎಂದು ಓದಿದವಳು, ಓದಿದ್ದನ್ನೇ ಮತ್ತೊಮ್ಮೆ ಗಟ್ಟಿಯಾಗಿ ಓದಿದಳು.

"ತೆಂಕಣಕ್ಕೆ ಗುಡ್ಡ ಎಂಬವರ ವಾಸದ ಮನೆ. ಹದಿನಾಲ್ಕೂವರೆ ಕೋಲು, ಹನ್ನೊಂದು ಕೋಲು. ಎರಡೂ ಮಾಡಿನ ನೀರು ನಡುವಿನ ಓಣಿಗೆ ಬೀಳತಕ್ಕದ್ದು."

"ಮಾಡಿನ ನೀರಿಗೆ ಅಪ್ಪಯ್ಯನಿಗೂ ಗುಡ್ಡನಿಗೂ ಜಗಳ ಆಯಿತ್ತ್," ಶೆಟ್ಟರು ಅಂದರು. "ಅದ್ಕೇ ಗುಮಾಸ್ತರ್ ಎರಡೂ ಮನಿ ಅಳ್ತಿ ಒಟ್ಟಿಗೇ ಬರ್ಸಿದ್ರಂಬ್ರ್."

ರಾಜೀವಿ ಹಾಳೆಯನ್ನು ಎದೆಗೆ ಒತ್ತಿಕೊಂಡಳು. ಅಪ್ಪಂದಿರು ಮಳೆನೀರಿಗೆ ಜಗಳವಾಡಿದ್ದರಿಂದ ಮಗನಿಗೆ ಮನೆ ಉಳಿಯಿತು! ಸರ್ಕಾರಿ ಸೀಲು, ಸರ್ಕಾರಿ ಸಹಿ. ಆಯದ ಲೆಕ್ಕವನ್ನು ಯಾವ ಅಧಿಕಾರಿಯೂ ಕೇಳಲಾರರು, ಇದನ್ನು ಕೇಳಲೇಬೇಕು.

ಗಂಟೆ ಎರಡೂ ಹತ್ತಾಗಿತ್ತು.

"ಶೆಟ್ರೆ, ಇದ್ ಕೊಡಿ. ಸಂಜಿಗ್ ತಿರ್ಗಿ ಕೊಡ್ತೆ."

"ಸ್ಕೂಟರಂಗೆ ಹೋರೆ ತಡ ಆತ್. ಕಾರ್ ತೆಗಿತೆ, ಹತ್ತಿ!" ಶೆಟ್ಟರು ಬನಿಯನ್ನಿನ ಮೇಲೆ ಅಂಗಿ ಸಿಕ್ಕಿಸಿಕೊಳ್ಳುತ್ತ ಓಡಿದರು. ಕಿತ್ತ ಗೇಟು ಅಂಗಳದಲ್ಲೇ ಬಿದ್ದಿತ್ತು.

*

ಬೈಂದೂರಿನ ಕಚೇರಿಯ ಮೆಟ್ಟಿಲು ಹತ್ತುವಾಗ ಮೂರಕ್ಕೆ ಎರಡು ನಿಮಿಷ. ಒಳಗೆ ಅಧಿಕಾರಿ ಮೇಡಂ ಕಡತ ಬಿಚ್ಚುತ್ತಿದ್ದರು. ಗಣಪ ಇಸ್ತ್ರಿ ಹಾಕಿದ ಅಂಗಿಯಲ್ಲಿ ಮೇಜಿನೆದುರು ಕೈ ಕಟ್ಟಿ ನಿಂತಿದ್ದ. ಹಿಂದಿನ ಬೆಂಚಿನಲ್ಲಿ ಚಂದ್ರಮತಿ, ಮಡಿಲಲ್ಲಿ ಚೀಲ.

ರಾಜೀವಿ ಅವಳತ್ತ ಕೈ ಎತ್ತಿ ತೋರಿಸಿದಳು: ಸಿಕ್ಕಿತು! ಚಂದ್ರಮತಿ ನಗಲಿಲ್ಲ.

"ಅಳತೆಯಲ್ಲಿ ಇಷ್ಟು ವ್ಯತ್ಯಾಸ ಇದ್ದರೆ ನಾನು ಸಹಿ ಹಾಕುವ ಹಾಗಿಲ್ಲ ಗಣಪ ಅವರೆ," ಮೇಡಂ ಹೇಳಿದರು.

"ವ್ಯತ್ಯಾಸ ಹಾಳೆಯಲ್ಲಿ ಇದೆ ಮೇಡಂ, ಮನೆಯಲ್ಲಿ ಇಲ್ಲ," ರಾಜೀವಿ ಏದುಸಿರಿನಲ್ಲೇ ಮುಂದೆ ಬಂದಳು. ಅಧಿಕಾರಿಗಳ ಮುಂದೆ ಅವಳ ಮಾತು ತಾನಾಗಿ ಪುಸ್ತಕದ ದಾರಿ ಹಿಡಿಯುತ್ತಿತ್ತು. "ಪಕ್ಕದ ಮನೆಯ ಅದೇ ವರ್ಷದ ದಾಖಲೆ ತಂದಿದ್ದೇನೆ. ಅದರಲ್ಲಿ ಗಣಪನ ಮನೆಯ ನಿಜವಾದ ಅಳತೆ ಇದೆ. ಮನೆಯ ಯಜಮಾನರೂ ಬಂದಿದ್ದಾರೆ."

ಉಮಾನಾಥ ಶೆಟ್ಟರು ಬಾಗಿಲಲ್ಲಿ ಗಂಟಲು ಸರಿಮಾಡಿಕೊಂಡರು. ಗಣಪ ಅವರನ್ನು ಕಂಡು ಕಣ್ಣು ಕಣ್ಣು ಬಿಟ್ಟ.

ಮೇಡಂ ಮುಖ ಸಡಿಲವಾಯಿತು. "ಹಾಗಿದ್ದರೆ ನನಗೂ ಸಂತೋಷವೇ. ನೋಡುತ್ತೇನೆ. ಒಂದು ಷರತ್ತು ಇರುತ್ತದೆ. ಪಂಚಾಂಗದ ನಾಲ್ಕೂ ಮೂಲೆ ಬಿಚ್ಚಿ ತೋರಿಸಬೇಕು. ಹಳೆಯದು ಹೌದೋ, ಹೊಸ ಮನೆಯ ಭಾರ ತಡೆಯುತ್ತದೋ ಎಂದು ನಮ್ಮ ಇಂಜಿನಿಯರ್ ನಾಡಿದ್ದೇ ಬಂದು ನೋಡುತ್ತಾರೆ."

"ಬರ್ಲಿ ಮೇಡಂ!" ಕಟ್ಟಿದ್ದ ಕೈಯನ್ನು ಗಣಪ ಖುಷಿಯಲ್ಲಿ ಬಿಚ್ಚಿದ. "ನಾನೇ ಪಿಕ್ಕಾಸಿ ಹಿಡ್ದ್ ಬಿಚ್ಚಿ ತೋರ್ಸ್ತೆ!"

"ಆದರೆ ಆಕ್ಷೇಪಣೆ ಹಾಕಿದವರ ಮಾತು ಕೇಳದೆ ಮುಗಿಸುವಂತಿಲ್ಲ. ಹಾಜರಿದ್ದಾರಾ?"

ರಾಜೀವಿ ಬಾಗಿಲ ಕಡೆ ತಿರುಗಿದಳು. ಶೆಟ್ಟರೂ ತಿರುಗಿದರು. ಹೊರಗಿನಿಂದ ಯಾರೂ ಬರಲಿಲ್ಲ.

ಬೆಂಚು ಕಿರ್ರೆಂದಿತು.

"ಇದ್ದೆ," ಎಂದಳು ಚಂದ್ರಮತಿ.

ಅರ್ಜಿದಾರರ ಮನೆಯವರು ಕಡತ ಒಯ್ದರು. ಅರ್ಧ ಗಂಟೆ. ಅನೂಪ ಓದಿದ್ದ ಆ ಸಾಲನ್ನು ತಾನು ಕೇಳಿಯೂ ಕೇಳದ ಹಾಗೆ ಹೋಗಿದ್ದಳಲ್ಲ ಎಂದು ರಾಜೀವಿಗೆ ಈಗ ಚುಚ್ಚಿತು.

"ನೀನಾ?" ಗಣಪನಿಗೆ ನಗು ಬಂದಂತಾಗಿ ಅರ್ಧಕ್ಕೇ ನಿಂತಿತು. "ಎಂತ ಹೇಳ್ತೆ ನೀನ್? ಕೂಕೋ ಸುಮ್ನೆ."

"ತಕರಾರ್ ಅರ್ಜಿ ಹಾಕಿದ್ದ್ ನಾನೇ. ಹಾಳಿ ಬದ್ಲ್ ಮಾಡಿದ್ದೂ ನಾನೇ." ಅವಳು ಗಂಡನ ಕಡೆ ನೋಡಲಿಲ್ಲ. ನೇರ ರಾಜೀವಿಯ ಹತ್ತಿರ ಬಂದು, ಅವಳ ಮುಂಗೈ ಹಿಡಿದಳು.

ಮೇಜಿನ ಆ ಕಡೆಯಿಂದ ಮೇಡಂ ಕೈ ಚಾಚಿದರು. "ಆ ದಾಖಲೆ ಇಲ್ಲಿ ಕೊಡಿ ರಾಜೀವಿಯವರೆ."

"ಕೊಡ್ಬ್ಯಾಡಿ ಅಕ್ಕಾ," ಚಂದ್ರಮತಿ ಪಿಸುಗುಟ್ಟಿದಳು. "ಇನ್ನೊಂದ್ ಮಳಿಗಾಲ ಟಾರ್ಪಾಲಿನ ಅಡ್ಯಂಗೆ ಕಳಿತೆ. ಹತ್ತ್ ಮಳಿಗಾಲ ಕಳಿತೆ. ಮನಿ ಅವ್ರ ಹೆಸ್ರಂಗಿತ್ತ್, ಆ ಬಡಗ್ ಮೂಲಿ ಬಿಚ್ಚಿದ್ರೆ ನನ್ನ ಗಂಡ ಜೈಲಿಗ್ ಹೋತ್ರ್. ಅದ್ರ ಅಡ್ಯಂಗೆ ಎಂತ ಹುಗ್ದಿತ್ತ್ ಅಂದೇಳಿ ಅವ್ರಿಗೇ ಗೊತ್ತಿಲ್ಲೆ."